ಪ್ರವಾಸಕ್ಕೆ ಮುನ್ನ ಪೆಟ್ರೋಲ್ ಖರ್ಚಿನ ಲೆಕ್ಕ: ಬೆಂಗಳೂರು–ಮಂಗಳೂರು ಉದಾಹರಣೆ

ಸ್ವಂತ ಕಾರಿನಲ್ಲಿ ಪ್ರವಾಸ ಹೊರಡುವವರು ಸಾಮಾನ್ಯವಾಗಿ ದೂರವನ್ನು ಮೈಲೇಜಿನಿಂದ ಭಾಗಿಸಿ, ಬಂದ ಲೀಟರುಗಳನ್ನು ದರದಿಂದ ಗುಣಿಸಿ ಪೆಟ್ರೋಲ್ ಖರ್ಚನ್ನು ಅಂದಾಜು ಮಾಡುತ್ತಾರೆ. ಈ ಕ್ರಮ ಸರಿಯಾದದ್ದೇ. ಆದರೆ ಇಡೀ ದಾರಿಗೆ ಒಂದೇ ಮೈಲೇಜನ್ನು ಹಿಡಿದರೆ ಉತ್ತರ ಅರ್ಧಕ್ಕರ್ಧ ತಪ್ಪಬಹುದು. ಬೆಂಗಳೂರಿನಿಂದ ಹಾಸನ, ಸಕಲೇಶಪುರ, ಶಿರಾಡಿ ಘಾಟಿಯ ಮೂಲಕ ಮಂಗಳೂರಿಗೆ ಹೋಗಿಬರುವ ಪ್ರವಾಸವನ್ನು ಉದಾಹರಣೆಯಾಗಿ ಇಟ್ಟುಕೊಂಡು, ನಂಬಬಹುದಾದ ಲೆಕ್ಕ ಹಾಕುವ ಬಗೆಯನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ನಿಮ್ಮ ಕಾರು ನಿಜವಾಗಿ ಕೊಡುವ ಮೈಲೇಜ್ ಗೊತ್ತಿರಬೇಕು. ಕಂಪನಿಯವರು ಹೇಳುವ ಎಆರ್‌ಎಐ (ವಾಹನಗಳನ್ನು ಪರೀಕ್ಷಿಸುವ ಸಂಸ್ಥೆ) ಅಂಕಿ ಪ್ರಯೋಗಾಲಯದ ನಿಗದಿತ ಪರೀಕ್ಷೆಯಲ್ಲಿ ಸಿಕ್ಕಿದ್ದು. ಎರಡು ಕಾರುಗಳನ್ನು ಹೋಲಿಸಿ ನೋಡಲು ಅದು ಸಾಕು, ಖರ್ಚಿನ ಲೆಕ್ಕಕ್ಕೆ ಸಾಲದು. ಬಂಕ್‌ನಲ್ಲಿ ನಳಿಕೆ ತಾನಾಗಿ ನಿಲ್ಲುವವರೆಗೆ ಟ್ಯಾಂಕ್ ಫುಲ್ ಮಾಡಿಸಿ, ಟ್ರಿಪ್ ಮೀಟರನ್ನು ಸೊನ್ನೆಗೆ ತನ್ನಿ. ಇನ್ನೂರು ಮುನ್ನೂರು ಕಿಲೋಮೀಟರ್ ಓಡಿಸಿದ ಮೇಲೆ ಸಾಧ್ಯವಾದರೆ ಅದೇ ಬಂಕ್‌ನಲ್ಲಿ ಅದೇ ರೀತಿ ಮತ್ತೆ ಫುಲ್ ಮಾಡಿಸಿ. ಮೀಟರ್ 312 ಕಿ.ಮೀ. ತೋರಿಸಿ, ಎರಡನೆಯ ಸಲ 19.5 ಲೀಟರ್ ಹಿಡಿದಿದ್ದರೆ ಮೈಲೇಜ್ ಲೀಟರಿಗೆ 16 ಕಿ.ಮೀ. ಎಂದಾಯಿತು. ಊರೊಳಗಿನ ಓಡಾಟಕ್ಕೂ ಹೆದ್ದಾರಿಗೂ ಹೀಗೆ ಬೇರೆ ಬೇರೆಯಾಗಿ ಅಳೆದಿಟ್ಟುಕೊಳ್ಳುವುದು ಒಳ್ಳೆಯದು. ಕೆಲವು ವರ್ಷಗಳ ಹಿಂದೆ ಅಳೆದ ಅಂಕಿಯನ್ನು ನೆಚ್ಚಿಕೊಳ್ಳಬೇಡಿ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ, ಮತ್ತು ಎಥನಾಲಿನ ಶಕ್ತಿ ಪೆಟ್ರೋಲಿನದಕ್ಕಿಂತ ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆ.

ಇನ್ನು ದಾರಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮಂಗಳೂರು ಕಡಲ ತೀರದಲ್ಲಿದೆ. ಹೋಗುವಾಗ ಸಕಲೇಶಪುರ ದಾಟಿದ ಮೇಲೆ ಕಾರು ಘಟ್ಟ ಇಳಿಯುತ್ತದೆ, ಬರುವಾಗ ಅದೇ ಎತ್ತರವನ್ನು ಏರಬೇಕಾಗುತ್ತದೆ. ನಾಲ್ಕು ಜನ ಮತ್ತು ಸಾಮಾನುಗಳಿರುವ ಸಣ್ಣ ಕಾರನ್ನು ಅಷ್ಟು ಎತ್ತರಕ್ಕೆ ಏರಿಸುವುದಕ್ಕೇ ಒಂದೂವರೆ ಲೀಟರಿನಷ್ಟು ಪೆಟ್ರೋಲ್ ಹೆಚ್ಚುವರಿಯಾಗಿ ಬೇಕು. ಆದ್ದರಿಂದ ಹೋಗುವಾಗಿನ ಖರ್ಚನ್ನು ಎರಡರಿಂದ ಗುಣಿಸಿ ಒಟ್ಟು ಖರ್ಚೆಂದು ಹೇಳುವುದು ಸರಿಯಲ್ಲ. (ಪೆಟ್ರೋಲ್ ಉಳಿಯುತ್ತದೆಂದು ಘಾಟಿಯಲ್ಲಿ ನ್ಯೂಟ್ರಲ್‌ನಲ್ಲಿ ಇಳಿಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಈಗಿನ ಎಂಜಿನ್‌ಗಳು ಇಂಧನವನ್ನು ತಾವಾಗಿಯೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿ ಪೆಟ್ರೋಲೂ ಉರಿಯುತ್ತದೆ, ಇಡೀ ಭಾರ ಬ್ರೇಕಿನ ಮೇಲೂ ಬೀಳುತ್ತದೆ.)

ಈಗ ಲೆಕ್ಕಕ್ಕೆ ಬರೋಣ. ಮಂಗಳೂರು ಸುಮಾರು 350 ಕಿ.ಮೀ. ದೂರ. ಮನೆಯಿಂದ ನೆಲಮಂಗಲದವರೆಗಿನ 30 ಕಿ.ಮೀ. ದಟ್ಟಣೆಯ ದಾರಿಗೆ ಲೀಟರಿಗೆ 10ರಂತೆ 3 ಲೀಟರ್, ಉಳಿದ 320 ಕಿ.ಮೀ.ಗೆ 16ರಂತೆ 20 ಲೀಟರ್, ಒಟ್ಟು 23 ಲೀಟರ್ ಹೋಗುವುದಕ್ಕೆ ಬೇಕು. ಬರುವಾಗ ಘಾಟಿಯ ಏರಿನ 40 ಕಿ.ಮೀ.ಗೆ 10ರಂತೆ 4 ಲೀಟರ್, ಹೆದ್ದಾರಿಯ 280 ಕಿ.ಮೀ.ಗೆ 17.5 ಲೀಟರ್, ಬೆಂಗಳೂರಿನೊಳಗೆ ಮತ್ತೆ 3 ಲೀಟರ್, ಅಂದರೆ 24.5 ಲೀಟರ್. ಬಹಳ ಜನ ಮರೆಯುವುದು ತಲುಪಿದ ಮೇಲಿನ ಓಡಾಟವನ್ನು. ಉಡುಪಿ, ಮಲ್ಪೆ ನೋಡಿಕೊಂಡು, ನೆಂಟರ ಮನೆಗೂ ಹೋಗಿ ಬಂದರೆ 150 ಕಿ.ಮೀ. ಸುಲಭವಾಗಿ ಆಗುತ್ತದೆ, ಅದಕ್ಕೆ 12ರಂತೆ 12.5 ಲೀಟರ್. ಎಲ್ಲ ಕೂಡಿದರೆ 60 ಲೀಟರ್. ಲೀಟರಿಗೆ 103 ರೂಪಾಯಿ ಎಂದು ಹಿಡಿದರೆ 6,180 ರೂಪಾಯಿ. ಕಂಪನಿ ಹೇಳಿದ 20 ಕಿ.ಮೀ. ಮೈಲೇಜನ್ನೇ ನಂಬಿ, 700 ಕಿ.ಮೀ.ಗೆ ಮಾತ್ರ ಲೆಕ್ಕ ಹಾಕಿದ್ದರೆ 3,605 ರೂಪಾಯಿ ಎಂದು ಬರುತ್ತಿತ್ತು.

ಇದರ ಮೇಲೆ ಶೇ. 10 ಸೇರಿಸಿ 6,800 ರೂಪಾಯಿ ಎತ್ತಿಡಿ. ಎಸಿ ಹಾಕಿಕೊಂಡು ಟ್ರಾಫಿಕ್‌ನಲ್ಲಿ ನಿಂತರೆ ಗಂಟೆಗೆ ಲೀಟರಿನವರೆಗೂ ಪೆಟ್ರೋಲ್ ಹೋಗಬಹುದು; ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ, ಮೇಲೆ ಕ್ಯಾರಿಯರ್ ಕಟ್ಟಿದ್ದರೆ, ಗಂಟೆಗೆ 80ರ ಬದಲು 110 ಕಿ.ಮೀ. ವೇಗದಲ್ಲಿ ಓಡಿಸಿದರೆ ಮೈಲೇಜ್ ಇಳಿಯುತ್ತದೆ. ಮಳೆಗಾಲದಲ್ಲಾದರೆ ಶೇ. 10 ಸಾಲದು. ಭೂಕುಸಿತದಿಂದ ಶಿರಾಡಿ ಬಂದ್ ಆದಾಗ ಚಾರ್ಮಾಡಿ ಅಥವಾ ಸಂಪಾಜೆಯ ಕಡೆಯಿಂದ ಬರಬೇಕಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇನ್ನೂ ಐದಾರು ಲೀಟರ್ ಹೆಚ್ಚಾಗಿ ಹಿಡಿಯುವುದು ನನ್ನ ಸಲಹೆ. ಟೋಲ್ ಖರ್ಚನ್ನು ಇದರಲ್ಲಿ ಬೆರೆಸದೆ ಬೇರೆಯಾಗಿ ಬರೆದಿಟ್ಟುಕೊಳ್ಳಿ.

ಕೊನೆಯದು ದರ. 2017ರ ಜೂನ್ 16ರಿಂದ ದೇಶದಾದ್ಯಂತ ದರವನ್ನು ಪ್ರತಿದಿನ ಪರಿಷ್ಕರಿಸುವ ಪದ್ಧತಿ ಜಾರಿಯಲ್ಲಿರುವುದರಿಂದ, ಹೊರಡುವ ಹಿಂದಿನ ದಿನ ಒಮ್ಮೆ ನೋಡಿಕೊಳ್ಳಿ. ಪೆಟ್ರೋಲ್ ಮತ್ತು ಡೀಸೆಲ್ ಜಿಎಸ್‌ಟಿ ವ್ಯಾಪ್ತಿಗೆ ಬಂದಿಲ್ಲ; ಆಯಾ ರಾಜ್ಯದ ತೆರಿಗೆಯಂತೆ ದರವೂ ಬೇರೆಯಾಗುತ್ತದೆ. ಮಂಗಳೂರಿನಿಂದ ಮುಂದೆ ಕಾಸರಗೋಡು, ಬೇಕಲ ಕೋಟೆಯ ಕಡೆಗೆ ಹೋಗುವವರು ಎರಡೂ ಕಡೆಯ ಅಂದಿನ ದರವನ್ನು ನೋಡಿಕೊಳ್ಳಲಿ. ಕೆಲವು ವರ್ಷಗಳಿಂದ ಕೇರಳದಲ್ಲಿ ಪೆಟ್ರೋಲ್ ಕರ್ನಾಟಕಕ್ಕಿಂತ ದುಬಾರಿಯಾಗಿರುವುದರಿಂದ, ತಲಪಾಡಿ ದಾಟುವ ಮೊದಲೇ ಟ್ಯಾಂಕ್ ತುಂಬಿಸಿಕೊಂಡರೆ ಅಷ್ಟರಮಟ್ಟಿಗೆ ಹಣ ಉಳಿಯುತ್ತದೆ.