ಶಿರಸಿಯ ಹಳ್ಳದಿಂದ ತದಡಿಯ ಅಳಿವೆಗೆ: ನಾವು ನಕ್ಷೆ ಮಾಡಿದ ಬಗೆ

ಉತ್ತರ ಕನ್ನಡದ ಅಘನಾಶಿನಿ ಹೊಳೆಯ ಕಣಿವೆಯಲ್ಲಿ ಜೀವಿಗಳು ಓಡಾಡುವ ದಾರಿಗಳ ನಕ್ಷೆ ಮಾಡುವ ಕೆಲಸ ಶುರು ಮಾಡಿದಾಗ ನಮ್ಮ ಮುಂದೆ ಎರಡು ಸಂರಕ್ಷಿತ ಜಾಗಗಳಿದ್ದವು. ಘಟ್ಟದ ಮೇಲೆ 2011ರಲ್ಲಿ ಘೋಷಣೆಯಾದ ಸಿಂಗಳೀಕ ಸಂರಕ್ಷಿತ ಪ್ರದೇಶ, ಕೆಳಗೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ ಅಳಿವೆ. ನಡುವಿನ ಹಳ್ಳ, ತೋಟ, ತೋಟಕ್ಕೆ ಸೊಪ್ಪು ಕಡಿಯುವ ಸೊಪ್ಪಿನ ಬೆಟ್ಟಗಳನ್ನು ಕೇಳುವವರೇ ಇರಲಿಲ್ಲ. ಜೀವಿಗಳು ಓಡಾಡುವುದು ಅಲ್ಲೇ ಅಲ್ವಾ?

ಅದಕ್ಕೇ ನಾವು ಕಾಡಿನ ತುಂಡುಗಳಿಗೆ ಬಣ್ಣ ಹಚ್ಚುವ ಮೊದಲು, ಯಾರು ಎಲ್ಲಿಂದ ಎಲ್ಲಿಗೆ ಹೋಗುತ್ತಾರೆ ಎಂದು ಬರೆದುಕೊಂಡೆವು. ಹಾವುಮೀನು ಹುಟ್ಟುವುದು ಕಡಲಲ್ಲಿ, ಬೆಳೆಯುವುದು ಹೊಳೆಯಲ್ಲಿ, ಮೊಟ್ಟೆಯಿಡಲು ಮತ್ತೆ ಕಡಲಿಗೇ. ಸಿಹಿನೀರಿನ ದೊಡ್ಡ ಶೆಟ್ಲಿಯ (ಸಿಗಡಿಯ) ಮರಿಗೆ ಸವಳು ನೀರೇ ಬೇಕು. ಅಳಿವೆಯ ಉಪ್ಪು ನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಬೀಜ ಭರತದ ಮೇಲೆ ತೇಲಿ ಹೋಗಿ ಬೇರೂರುತ್ತದೆ. ಕಡಲ ಹದ್ದಿಗೆ ಮೀನು ನೀರಲ್ಲಿ, ಗೂಡು ದಡದ ದೊಡ್ಡ ಮರದಲ್ಲಿ.

ಅಳಿವೆಯಲ್ಲಿ ಬಳಚು ಎಂಬ ಚಿಪ್ಪಿ ಹೆಕ್ಕುವ ಅಮ್ಮ ಒಬ್ಬರು ನಮ್ಮ ಹಾಳೆ ನೋಡಿ, "ತಮ್ಮಾ, ಇದು ಬೇಸಿಗೆದು. ಮಳೆಗಾಲದ್ದು ಎಲ್ಲಿ?" ಎಂದರು. ಅಲ್ಲಿಂದ ಎರಡು ನಕ್ಷೆ ಮಾಡತೊಡಗಿದೆವು. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ.

ದೋಣಿಯಲ್ಲಿ ಮೇಲಕ್ಕೆ ಹೋಗುತ್ತಾ, ಉಪ್ಪು ಅಳೆಯುವ ರಿಫ್ರಾಕ್ಟೋಮೀಟರಿನ ಗಾಜಿನ ಮೇಲೆ ಒಂದು ಹನಿ ನೀರು ಬಿಟ್ಟು, ಬೆಳಕಿಗೆ ಹಿಡಿದು ನೋಡುತ್ತಿದ್ದೆವು. ನೀಲಿ-ಬಿಳಿ ಕೂಡುವ ಗೆರೆ ಉಪ್ಪು ಎಷ್ಟಿದೆ ಎಂದು ಹೇಳುತ್ತದೆ. ಕರಾವಳಿ ನಿಯಂತ್ರಣ ವಲಯದ ನಿಯಮದಲ್ಲಿ ಹೊಳೆಯೊಳಗಿನ ಗಡಿ ಗುರುತಿಸುವುದು, ವರ್ಷದ ಅತಿ ಒಣ ದಿನಗಳಲ್ಲಿ ಸಾವಿರಕ್ಕೆ 5 ಭಾಗ ಉಪ್ಪು ಎಲ್ಲಿಯವರೆಗೆ ಸಿಗುತ್ತದೋ ಅಲ್ಲಿಗೆ. ಕಾನೂನಿಗೆ ಅಷ್ಟು ಸಾಕು. ಆದರೆ ಆಷಾಢದಲ್ಲಿ ಅದೇ ಜಾಗದ ನೀರು ಕುಡಿಯುವಷ್ಟು ಸಪ್ಪೆ. ಬಳಚಿಗೂ, ಬಂಡೆಗೆ ಅಂಟಿಕೊಳ್ಳುವ ಚಿಪ್ಪಿ ಕಲಗಕ್ಕೂ ಈ ಏರಿಳಿತದ ಲೆಕ್ಕವೇ ಬದುಕು.

ಪಕ್ಕದ ಶರಾವತಿಯನ್ನು ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಕರೆಂಟ್ ಮಾಡಿ ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಇಳಿದು ಬರುತ್ತದೆ, ಅಳಿವೆಯಲ್ಲಿ ಉಪ್ಪು ಏರುವುದಿಲ್ಲ. ಚಿಪ್ಪಿ ಅಲ್ಲಿ ಅಘನಾಶಿನಿಯಷ್ಟು ಇಲ್ಲ. ದಡದಲ್ಲಿ ಎಷ್ಟು ಹಸಿರು ಜೋಡಿಸಿದರೂ ಇದು ಸರಿಹೋಗುವುದಿಲ್ಲ. ಅಘನಾಶಿನಿಗೆ ಇನ್ನೂ ಅಣೆಕಟ್ಟು ಇಲ್ಲ ಅನ್ನುವುದು ನನಗೆ ಅದಕ್ಕೇ ಅಷ್ಟು ದೊಡ್ಡ ವಿಷಯ.

ಎರಡೂ ನಕ್ಷೆ ಒಂದರ ಮೇಲೊಂದು ಇಟ್ಟಾಗ ದಾರಿ ತುಂಡಾಗುವ ಜಾಗಗಳು ಕಂಡವು. ಹೆಚ್ಚಿನವು ತೀರಾ ಸಣ್ಣವು. ಒಂದು ಹಳ್ಳದ ಮೋರಿಯ ಪೈಪು ಕೆಳಬದಿಯಲ್ಲಿ ಮೊಣಕಾಲೆತ್ತರಕ್ಕೆ ನೇತಾಡುತ್ತಿತ್ತು. ಮೊದಲ ಮಳೆಗೆ ಹತ್ತುಮೀನು (ಹರಿವಿಗೆ ಎದುರಾಗಿ ಮೇಲೆ ಹತ್ತುವ ಮೀನು) ಅದರಡಿ ಗುಂಪಾಗಿ, ಹಾರಿ ಹಾರಿ ಸಿಮೆಂಟಿಗೆ ಬಡಿದು ಬೀಳುತ್ತಿದ್ದವು. ಊರಿನವರೇ ಕೆಳಗೆ ಮೆಟ್ಟಿಲಾಗಿ ಕಲ್ಲು ಜೋಡಿಸಿ ನೀರಿನ ಮಟ್ಟ ಏರಿಸಿದರು. ಖರ್ಚು ಅಂತ ಏನೂ ಆಗಲಿಲ್ಲ. ಹೊಸ ಮೋರಿ ಹಾಕುವಾಗ ಪೈಪಿನ ತಳ ಹಳ್ಳದ ತಳಕ್ಕಿಂತ ಒಂದು ಗೇಣು ಕೆಳಗಿರಲಿ ಎಂದು ಪಂಚಾಯಿತಿಗೆ ಬರೆದುಕೊಟ್ಟಿದ್ದೇವೆ.

ಗಜನಿ, ಅಂದರೆ ಉಪ್ಪು ನೀರು ಬರುವ ಅಳಿವೆ ದಡದ ಗದ್ದೆ. ಅದರ ಕಟ್ಟೆಯ ಬಾಗಿಲುಗಳದ್ದು ಕಷ್ಟದ ಕೆಲಸ. ಭರತದ ಜೊತೆ ಶೆಟ್ಲಿ ಮರಿ ಒಳಗೆ ಬರಬೇಕಾದರೆ ಹಲಗೆ ತೆಗೆದಿರಬೇಕು. ವರ್ಷವಿಡೀ ತೆಗೆದೇ ಇಟ್ಟರೆ ಕಗ್ಗ ಭತ್ತ ಇಲ್ಲ. ಕಗ್ಗ ಉಪ್ಪು ತಡೆಯುತ್ತದೆ ನಿಜ, ಆದರೆ ಮೊಳಕೆಗೆ ಮಳೆ ನೀರು ಬೇಕೇ ಬೇಕು. ಕೊಯ್ಲು ಮುಗಿದ ಮೇಲೆ ತೆಗೆಯುವುದು, ಮಳೆಗೆ ಮುಂಚೆ ಮುಚ್ಚುವುದು ಹಳೆಯ ಕ್ರಮ. ಮೀನಿನ ಗುತ್ತಿಗೆ ಹಿಡಿದವರಿಗೆ ಆ ತಾರೀಖು ಬೇಡ, ಗದ್ದೆಯವರಿಗೆ ಬೇಕು. ಹಾಗಾಗಿ ನಮ್ಮ ನಕ್ಷೆಯಲ್ಲಿ ಪ್ರತಿ ಬಾಗಿಲಿನ ಪಕ್ಕ ಒಂದು ತಿಂಗಳ ಪಟ್ಟಿ ಇದೆ. ಕೆಲವು ಕಟ್ಟೆಗಳಲ್ಲಿ ಎರಡೂ ಕಡೆಯವರು ಒಪ್ಪಿದ್ದಾರೆ. ಉಳಿದ ಕಡೆ ಮಾತುಕತೆ ಇನ್ನೂ ನಡೆಯುತ್ತಿದೆ.