ಹಳೇ ಕಾಂಕ್ರೀಟಿಗೆ ಹೊಸ ಪದರ ಹಿಡಿದಿದೆಯಾ? ಎಳೆದು ನೋಡಿ

ಹಳೇ ಕಾಂಕ್ರೀಟಿನ ಮೇಲೆ ಹೊಸ ಪದರ ಹಾಕಿದ್ದೀರಿ. ಸುತ್ತಿಗೆಯಿಂದ ಕುಟ್ಟಿ ನೋಡಿದರೆ ಸಾಕು ಎನ್ನುವವರೇ ಜಾಸ್ತಿ. ಪದರ ಬಿಟ್ಟುಕೊಂಡ ಕಡೆ ಟೊಳ್ಳು ಸದ್ದು ಬರುತ್ತದೆ, ನಿಜ. ಆದರೆ ಹಿಡಿತ ಎಷ್ಟಿದೆ ಅಂತ ಸುತ್ತಿಗೆ ಹೇಳುವುದಿಲ್ಲ. ಅದಕ್ಕೆ ಪುಲ್-ಆಫ್ ಟೆಸ್ಟ್ ಬೇಕು: ಪದರವನ್ನು ದುಂಡಗೆ ಕೊರೆದು, ಬುಡ ಬಿಡಿಸದ ಆ ತುಂಡಿನ (ಕೋರ್) ತಲೆಗೆ ಲೋಹದ ಡಿಸ್ಕ್ ಅಂಟಿಸಿ, ಕಿತ್ತುಬರುವ ತನಕ ಯಂತ್ರದಿಂದ ಎಳೆದು ಬಲ ಅಳೆಯುವುದು.

ಮೊದಲು ಕಂಬಿ ಇಲ್ಲದ ಜಾಗ ನೋಡಿ ಗುರುತು ಹಾಕಿ. ಕನಿಷ್ಠ ಮೂರು ಕಡೆ.

ಇನ್ನು ಕೊರೆಯುವುದು. ಕೆಲಸ ಕೆಡುವುದೇ ಇಲ್ಲಿ. 50 ಮಿ.ಮೀ. ಕೋರ್ ಬರುವ ವಜ್ರದ ಬಿಟ್ ಇರಲಿ. ಡ್ರಿಲ್ಲನ್ನು ಸ್ಟ್ಯಾಂಡಿಗೆ ಬಿಗಿದೇ ಕೊರೆಯಿರಿ. ಕೈಯಲ್ಲಿ ಹಿಡಿದು ಕೊರೆದರೆ ಬಿಟ್ ಅಲುಗಾಡಿ, ಎಳೆಯುವ ಮೊದಲೇ ಕೋರ್ ಬುಡದಲ್ಲಿ ಸೀಳುತ್ತದೆ. ಆಮೇಲೆ ಬರುವ ಅಂಕಿ ಕಾಂಕ್ರೀಟಿನದಲ್ಲ, ನಿಮ್ಮ ಕೈಯದು. ಆಳವೂ ಅಷ್ಟೇ ಮುಖ್ಯ. ಹೊಸ ಪದರ ದಾಟಿ ಹಳೇ ಕಾಂಕ್ರೀಟಿನೊಳಗೆ ಸುಮಾರು 15 ಮಿ.ಮೀ. ಹೋಗಬೇಕು. ಪದರ 40 ಮಿ.ಮೀ. ಇದ್ದರೆ ಒಟ್ಟು 55. ಡ್ರಾಯಿಂಗಿನ ಅಳತೆ ನಂಬಬೇಡಿ. ಪಕ್ಕದಲ್ಲೇ ಒಂದು ಸಣ್ಣ ತೂತು ಹೊಡೆದು ದಪ್ಪ ಅಳೆಯಿರಿ. ಎಷ್ಟೋ ಜನ ಹೊಸ ಪದರದಲ್ಲೇ ನಿಲ್ಲಿಸಿಬಿಡುತ್ತಾರೆ. ಆಗ ಬೆಸೆದ ಜಾಗಕ್ಕೆ ಸರಿಯಾದ ಪರೀಕ್ಷೆಯೇ ಆಗುವುದಿಲ್ಲ, ಅಲ್ವಾ? ಕೊರೆಯುವಾಗಲೇ ಕೋರ್ ಬೆಸೆದಲ್ಲಿ ಕಿತ್ತುಬಂದರೆ ಸುಮ್ನೆ ಎಸೆಯಬೇಡಿ, ಅದನ್ನೂ ಬರೆದಿಡಿ.

ಕೊರೆದ ಕೆಸರು ತೊಳೆದು ಚೆನ್ನಾಗಿ ಒಣಗಿಸಿ. ಕೋರಿನ ತಲೆ ಮೇಲಿನ ಪುಡಿಪುಡಿ ಸಿಮೆಂಟ್ ಹಾಲು ಹೋಗುವ ತನಕ ಉಜ್ಜಿ. ಡಿಸ್ಕಿನ ಮುಖವನ್ನೂ ಉಜ್ಜಿ, ತೆಳುವಾಗಿ ಎಪಾಕ್ಸಿ ಅಂಟು ಹಚ್ಚಿ, ನಡುವಿಗೇ ಕೂರಿಸಿ. ಐದು ನಿಮಿಷದಲ್ಲಿ ಗಟ್ಟಿಯಾಗುವ ಟ್ಯೂಬ್ ಅಂಟು ಬೇಡವೇ ಬೇಡ. ಅವಸರಕ್ಕೆ ಅದನ್ನು ಹಚ್ಚಿ ದಿನವಿಡೀ ಡಿಸ್ಕ್ ಮಾತ್ರ ಕಿತ್ತುಕೊಂಡವರನ್ನು ನೋಡಿದ್ದೇನೆ. ಎಪಾಕ್ಸಿ ಸುತ್ತಲಿನ ಸೀಳಿಗೆ ಇಳಿಯಲೂಬಾರದು. ಇಳಿದರೆ ಕೋರ್ ಪಕ್ಕದ ಕಾಂಕ್ರೀಟಿಗೆ ಅಂಟಿ, ಅಂಕಿ ಸುಳ್ಳೇ ಜಾಸ್ತಿ ಬರುತ್ತದೆ.

ಯಂತ್ರ ನೆಟ್ಟಗೆ ನಿಲ್ಲಿಸಿ, ಜರ್ಕ್ ಇಲ್ಲದೆ ನಿಧಾನವಾಗಿ ಎಳೆಯಿರಿ. ಸೆಕೆಂಡಿಗೆ ಸುಮಾರು 100 ನ್ಯೂಟನ್ ಸಾಕು.

ಲೆಕ್ಕ ಸುಲಭ: ಎಳೆದ ಬಲವನ್ನು ಕೋರಿನ ವಿಸ್ತೀರ್ಣದಿಂದ ಭಾಗಿಸಿ. 50 ಮಿ.ಮೀ. ಕೋರಿನ ವಿಸ್ತೀರ್ಣ 1,963 ಚದರ ಮಿ.ಮೀ. ಅದು 3,000 ನ್ಯೂಟನ್ನಿಗೆ ಕಿತ್ತುಬಂದರೆ ಸುಮಾರು 1.53 ಮೆಗಾಪಾಸ್ಕಲ್, ಅಂದರೆ ಚದರ ಮಿ.ಮೀ.ಗೆ ಅಷ್ಟು ನ್ಯೂಟನ್. ಯುರೋಪಿನ ಇಎನ್ 1504-3 ಮಾನದಂಡದಲ್ಲಿ ಆರ್3 ಎಂಬ ಬಲದ ದರ್ಜೆಯ ರಿಪೇರಿ ಕಾಂಕ್ರೀಟಿಗೆ 1.5, ಅದಕ್ಕಿಂತ ಮೇಲಿನ ಆರ್4ಕ್ಕೆ 2 ಮೆಗಾಪಾಸ್ಕಲ್ ಬೇಕು. ಕೋರಿನ ವ್ಯಾಸವನ್ನು ಎರಡು ದಿಕ್ಕಿನಲ್ಲಿ ಅಳೆದೇ ಭಾಗಿಸಿ.

ಅಂಕಿ ಬರೆದು ಅಲ್ಲಿಗೇ ಬಿಡಬೇಡಿ, ಡಿಸ್ಕ್ ತಿರುಗಿಸಿ ನೋಡಿ. ಎಪಾಕ್ಸಿಯಲ್ಲೇ ಬಿಟ್ಟಿದ್ದರೆ ಆ ಟೆಸ್ಟ್ ಲೆಕ್ಕಕ್ಕಿಲ್ಲ, ಬೇರೆ ಕಡೆ ಮತ್ತೆ ಮಾಡಿ. ಜಲ್ಲಿ ಒಡೆದು ಹಳೇ ಕಾಂಕ್ರೀಟಿನ ಚೂರು ಕಚ್ಚಿಕೊಂಡು ಬಂದಿದ್ದರೆ ಹಿಡಿತ ಆ ಅಂಕಿಗಿಂತ ಕಡಿಮೆ ಇಲ್ಲ. ಚಪ್ಪಟೆಯಾಗಿ ನುಣ್ಣಗೆ ಬಿಟ್ಟು, ಬೆರಳಿಗೆ ಬಿಳಿ ಪುಡಿ ಹತ್ತಿದರೆ? ಹಳೇ ಮೈಯನ್ನು ಒರಟು ಮಾಡದೆ, ಧೂಳು ತೆಗೆಯದೆ ಮೇಲೆ ಸುರಿದಿದ್ದಾರೆ ಅಂತಲೇ ನಾನು ಮೊದಲು ಅನುಮಾನಪಡುತ್ತೇನೆ. ಆ ಮುಖದ ಫೋಟೋ ತೆಗೆದು, ಎಲ್ಲಿ ಬಿಟ್ಟಿತು ಅಂತ ವರದಿಯಲ್ಲಿ ಬರೆಯಿರಿ. ಆಮೇಲೆ ತೂತುಗಳನ್ನು ಕುಗ್ಗದ ಗ್ರೌಟಿನಿಂದ (ತೂತು ತುಂಬುವ ಗಾರೆ) ತುಂಬಿಬಿಡಿ.