ಎರಡನೇ ಭಾಗದಲ್ಲಿ ಮಂತ್ರಕ್ಕೆ ಬೆಲೆ ಇಟ್ಟೆ

ನನ್ನ ಮೊದಲ ಫ್ಯಾಂಟಸಿ ಕಾದಂಬರಿ ಓದಿದವರು ಎರಡು ಪಾಲಾದರು. ಮೂರು ಸಲ ಓದಿದೆ ಅಂದವರಿದ್ದರು. ನಲವತ್ತನೇ ಪುಟಕ್ಕೇ ಮುಚ್ಚಿಟ್ಟೆ ಅಂದವರೂ ಇದ್ದರು. ಮುಂದಿನ ಭಾಗ ಬರೆಯಲು ಕೂತಾಗ ಯಾರ ಮಾತು ಕೇಳಬೇಕು ಅಂತಲೇ ತಿಳಿಯಲಿಲ್ಲ.

ಎರಡು ತಿಂಗಳು ಒಂದು ಸಾಲೂ ಬರೆಯದೆ ನನ್ನ ಪುಸ್ತಕವನ್ನೇ ಓದಿದೆ. ಓದುಗರು ಬೈದ ಕಡೆ ಕೆಂಪು ಗುರುತು, ಮೆಚ್ಚಿದ ಕಡೆ ನೀಲಿ. ಎಷ್ಟೋ ಪುಟಗಳಲ್ಲಿ ಎರಡೂ ಬಣ್ಣ ಒಂದೇ ಜಾಗದಲ್ಲಿ ಬಿದ್ದವು. ಅವೆಲ್ಲ ನಾಯಕಿ ನದಿಯನ್ನು ಹೆಸರು ಹಿಡಿದು ಕರೆಯುವ ಪುಟಗಳು. ಅವಳು ಕರೆದರೆ ನದಿ ದಾರಿ ಬದಲಿಸುತ್ತದೆ. ಮೆಚ್ಚಿದವರಿಗೆ ಆ ಬೆರಗು ಬೇಕಿತ್ತು. ಉಳಿದವರು ಕೇಳಿದ್ದು ಒಂದೇ: ಕರೆದರೆ ಸಾಕು ಅಂತಾದರೆ ಅವಳಿಗೆ ಯಾವ ಭಯ? ಇಬ್ಬರದ್ದೂ ಸರಿಯೇ ಅಲ್ವಾ. ಹಾಗಾಗಿ ಮಂತ್ರವನ್ನು ತೆಗೆಯಲಿಲ್ಲ, ಅದಕ್ಕೆ ಬೆಲೆ ಇಟ್ಟೆ. ಒಂದು ನದಿಯನ್ನು ಕರೆದರೆ ತನ್ನವರಲ್ಲಿ ಒಬ್ಬರ ಹೆಸರು ಅವಳಿಗೆ ಮರೆತುಹೋಗುತ್ತದೆ.

ತೊಡಕು ಬಂದದ್ದು ಇಲ್ಲೇ. ಮೊದಲ ಪುಸ್ತಕದಲ್ಲಿ ಆರು ಸಲ ಕರೆದಿದ್ದಾಳೆ, ಏನನ್ನೂ ಮರೆತಿಲ್ಲ. ಅಚ್ಚಾದದ್ದನ್ನು ನಾನು ತಿದ್ದುವ ಹಾಗಿರಲಿಲ್ಲ. ಇಂಗ್ಲಿಷ್ ಫ್ಯಾಂಟಸಿ ಲೇಖಕ ಟೋಲ್ಕಿನ್‌ಗೆ ಆ ಅವಕಾಶ ಇತ್ತು. 1937ರ ‘ದಿ ಹಾಬಿಟ್’ನಲ್ಲಿ ಗೊಲ್ಲಮ್ ಅನ್ನುವ ಗುಹೆಯ ಜೀವಿ, ಒಗಟಿನ ಪಂದ್ಯದಲ್ಲಿ ನಾಯಕ ಬಿಲ್ಬೊ ಗೆದ್ದರೆ ಉಂಗುರ ಕೊಡುತ್ತೇನೆ ಅನ್ನುತ್ತಾನೆ. ಮುಂದಿನ ಕಥೆ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನಲ್ಲಿ ಅದು ಸುಲಭಕ್ಕೆ ಬಿಟ್ಟುಕೊಡಲಾಗದ ಉಂಗುರ. ಹಾಗಾಗಿ 1951ರ ಆವೃತ್ತಿಯಲ್ಲಿ ಆ ಅಧ್ಯಾಯವೇ ಬದಲಾಯಿತು. ಹಳೆಯದನ್ನು ಬಿಲ್ಬೊ ಹೇಳಿದ್ದ ಸುಳ್ಳು ಅಂತ ಹೊಸ ಕಥೆಯೊಳಗೇ ಸೇರಿಸಿಕೊಂಡರು. ಈ ಎರಡನೇ ಉಪಾಯ ನನಗೆ ತುಂಬಾ ಇಷ್ಟವಾಯಿತು.

ಮತ್ತೆ ಪುಸ್ತಕ ತೆರೆದೆ. ಕೊನೆಯ ಮೂರು ಅಧ್ಯಾಯಗಳಲ್ಲಿ ಅವಳು ತಮ್ಮನ ಹೆಸರನ್ನು ಒಮ್ಮೆಯೂ ಹೇಳಿಲ್ಲ! ಬರೀ ‘ಲೋ’, ‘ಪುಟ್ಟಾ’. ಬರೆಯುವಾಗ ಸುಮ್ನೆ ಬಂದ ಮಾತುಗಳು ಅವು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಎರಡನೇ ಭಾಗ ಅಲ್ಲಿಂದಲೇ ಶುರು. ತಮ್ಮ ಬಾಗಿಲು ತಟ್ಟುತ್ತಾನೆ.

“ಯಾರು?”

“ನಾನೇ ಅಕ್ಕಾ.”

“ನಾನು ಅಂದ್ರೆ? ಹೆಸರು ಹೇಳಿದ್ರೇನೇ ಬಾಗಿಲು.”

ಅವನು ತಮಾಷೆ ಅಂದುಕೊಂಡು ನಗುತ್ತಾ ಹೇಳುತ್ತಾನೆ. ಅವಳು ಅದನ್ನು ಇದ್ದಿಲಿನಿಂದ ಗೋಡೆಯ ಮೇಲೆ ಬರೆದುಕೊಂಡು, ಆಮೇಲೆ ಚಿಲಕ ತೆಗೆಯುತ್ತಾಳೆ.

ಇದಾದ ಮೇಲೆ ಉಳಿದದ್ದು ತಾನಾಗೇ ಸರಿಹೋಯಿತು. ಮೊದಲ ಪುಸ್ತಕದ ಆರಂಭದ ಐವತ್ತು ಪುಟಗಳಲ್ಲೇ 43 ಹೆಸರುಗಳಿದ್ದವು. ಜಾಸ್ತಿ ಜನ ಬಿಟ್ಟುಹೋದದ್ದು ಅಲ್ಲೇ. ಈಗ ಹೆಸರೇ ಅವಳ ಆಸ್ತಿ, ಕಂಡಕಂಡಲ್ಲಿ ಚೆಲ್ಲಲು ಆಗುವುದಿಲ್ಲ. ಎರಡನೇ ಭಾಗದಲ್ಲಿ 11ಕ್ಕೆ ಇಳಿಸಿದೆ. ಹಿಂದಿನ ಕಥೆಯ ಸಾರಾಂಶವನ್ನೂ ಬೇರೆ ಬರೆಯಲಿಲ್ಲ. ಅವಳು ಬೆಳಿಗ್ಗೆ ಎದ್ದು ಆ ಗೋಡೆ ಓದುತ್ತಾಳೆ, ಓದುಗರಿಗೂ ಯಾರು ಯಾರು ಅನ್ನೋದು ನೆನಪಾಗುತ್ತದೆ.

ಯುದ್ಧದಿಂದ ಶುರು ಮಾಡಿ ಅನ್ನುವ ಸಲಹೆಯೂ ಬಂದಿತ್ತು. ಅದನ್ನು ಮಾತ್ರ ಒಪ್ಪಲಿಲ್ಲ. ನಿಧಾನವಾಯಿತು ಅನ್ನುವವರು ಈಗಲೂ ಇದ್ದಾರೆ. ಆದರೆ ಒಂದು ಹೆಸರು ಮರೆಯುವುದನ್ನು ಅವಸರದಲ್ಲಿ ಬರೆಯಲು ನನಗೆ ಮನಸ್ಸಿಲ್ಲ.